ಹಲ್ಲು ಕಾಣುವ ಹಾಗೆ

ನಗಬೇಡಿ ಎಂದವನು ನಾನೇ.
ಗಲ್ಲ ಸ್ವಲ್ಪ ಕೆಳಗೆ, ಕಿವಿ ಎರಡೂ ಕಾಣಲಿ.
ಬೈತಖೋಲದ ಧಕ್ಕೆಯಿಂದ ನೇರ ಬಂದ
ಪುರ್ಸು ಹರಿಕಂತ್ರ, ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ
ಮೀನುಗಾರರ ಕಾರ್ಡಿಗೆ ಬೇಕಾದ ಮುಖ ಮಾಡಿ ಕೂತ.
ಮೂರು ಸಲ ನಕ್ಕ. ಮೂರು ಸಲ ಅಳಿಸಿದೆ.
ನಾಲ್ಕನೆಯದನ್ನು ಸರಕಾರ ಒಪ್ಪಿತು.

ಕೋಡಿಬಾಗ ರಸ್ತೆಯ ಈ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ
ಮೊಳೆಗೆ ಸಿಕ್ಕಿಸಿದ ಹಾಳೆಯೊಂದಿದೆ,
ಧಾರವಾಡದಲ್ಲಿ ಚಿತ್ರಕಲೆ ಕಲಿಯುವಾಗ
ರದ್ದಿ ಅಂಗಡಿಯ ಪುಸ್ತಕದಿಂದ ಹರಿದು ತಂದದ್ದು.
ಡಚ್ಚರ ದೇಶದ ಯಾವನೋ ಬೆಸ್ತರ ಹುಡುಗ.
ಬೆನ್ನಿಗೆ ಬುಟ್ಟಿ, ಹಿಂದೆ ಮರಳ ದಿಬ್ಬ,
ನಾನೂರು ವರ್ಷದಿಂದ ನಗುತ್ತಲೇ ಇದ್ದಾನೆ
ಸೊಟ್ಟ ಹಲ್ಲು ಅಷ್ಟೂ ಕಾಣುವ ಹಾಗೆ.

ಮೇಷ್ಟ್ರು ಹೇಳಿದ್ದರು:
ಆ ಕಾಲದಲ್ಲಿ ದುಡ್ಡಿದ್ದವರು ಬಾಯಿ ಮುಚ್ಚಿ ಬರೆಸಿಕೊಂಡರು,
ಕಪ್ಪು ರೇಷ್ಮೆ, ಗಂಜಿ ಹಾಕಿದ ಕೊರಳಪಟ್ಟಿ,
ತಟ್ಟೆಯಲ್ಲಿಟ್ಟು ಬಡಿಸಿದಂಥ ತಲೆ.
ಹಲ್ಲು ಬಿಡುವುದು ಕುಡುಕರಿಗೆ, ಮಕ್ಕಳಿಗೆ,
ಮೀನಿನವರಿಗೆ.
ಅವರ ಚಿತ್ರದ ಕೆಳಗೆ ಹೆಸರಿಲ್ಲ.
ಕೂತದ್ದಕ್ಕೆ ಕೂಲಿ ಸಿಕ್ಕಿತೋ, ಬರೀ ರೊಟ್ಟಿಯೋ.
ಬರಿದೇ ಮುಖ ಎಂದು ಕೂಗಿ
ಸಂತೆಯಲ್ಲಿ ಮಾರಿದರಂತೆ.

ಹತ್ತಿರ ಹೋದರೆ ಅಲ್ಲಿ ನಗುವೇ ಇಲ್ಲ.
ಒದ್ದೆಯ ಮೇಲೆ ಒದ್ದೆ ಬಣ್ಣ, ಅವಸರದ ಗೀರು.
ಸುಲಿದ ಸಿಗಡಿ ಸಿಪ್ಪೆಯದೊಂದು, ಅಳಿವೆಯ ಕೆಸರಿನದೊಂದು,
ಒಂದಕ್ಕೊಂದು ಮುಟ್ಟಿಯೂ ಇಲ್ಲ.
ಎರಡು ಹೆಜ್ಜೆ ಹಿಂದೆ ಸರಿ,
ಥಟ್ಟನೆ ನಗುತ್ತಾನೆ ಪೋರ,
ಈಗಷ್ಟೇ ಯಾರೋ ದೊಡ್ಡವರು ಎಡವಿ ಬಿದ್ದಂತೆ.

ಆಗಸ್ಟಿನಲ್ಲಿ ಬೋಟು ಮಗುಚಿತು,
ಕಾಳಿ ಸಮುದ್ರಕ್ಕೆ ಬೀಳುವಲ್ಲಿ,
ದಡದಲ್ಲಿದ್ದವರಿಗೆ ಕೂಗು ಕೇಳುವಷ್ಟು ಹತ್ತಿರ.

ಶೇವಂತಿ ಬಂದಳು. ಸೆರಗಿನ ಗಂಟಿನಲ್ಲಿ ಕಾರ್ಡು.
‘ಇದೊಂದೇ ಪಟ ಇರೂದು. ದೊಡ್ಡ ಮಾಡಿಕೊಡಿ.’
ಬಾಗಿಲ ತನಕ ಹೋದವಳು ತಿರುಗಿ,
‘ಸ್ವಲ್ಪ ನಗಿಸೂಕೆ ಆಗ್ತದಾ?’

ಕಂಪ್ಯೂಟರಿನಲ್ಲಿ ತುಟಿ ಎಳೆದು ನೋಡಿದೆ.
ಪಂಚಾಯ್ತಿ ಚುನಾವಣೆಗೆ ನಿಂತವನ ಹಾಗಾದ.
ಅಳಿಸಿದ ಆ ಮೂರಕ್ಕಾಗಿ ಹಳೆಯ ಮೆಮರಿ ಕಾರ್ಡು ಕೆದಕಿದೆ,
ಅದರ ಮೇಲೆ ಅಂಕೋಲೆಯ ಯಾರದೋ ಮದುವೆ,
ಎಂಟುನೂರು ಫೋಟೋ, ಎಲ್ಲರೂ ನಗುತ್ತಿದ್ದಾರೆ.

ಹತ್ತೊಂಬತ್ತು ವರ್ಷದ ಮೇಲೆ ಕುಂಚ ಹಿಡಿದೆ.
ಕುಂಚದ ಕೂದಲು ಉದುರಿ ಬಣ್ಣಕ್ಕಂಟಿತು.
ಕೆನ್ನೆ ಬಂತು. ಉಪ್ಪುಗಾಳಿ ತಿಂದ ಹಣೆ ಬಂತು.
ಕಣ್ಣ ಸುತ್ತ ಬಿಸಿಲಿಗೆ ಕಿರಿದಾದ ಗೆರೆ ಬಂತು.
ಬಾಯಿಯ ಹತ್ತಿರ ಕೈ ಸಭ್ಯವಾಯಿತು.

ಶೇವಂತಿ ಬಹಳ ಹೊತ್ತು ನೋಡಿದಳು.
‘ಮುಖ ಅವರದೇ. ನಗೆ ಅವರದಲ್ರಾ.
ಎಡಗಡೆ ಮೊದಲು ಏಳ್ತಿತ್ತು.
ಬಲಗಡೆ ಆಮೇಲೆ, ಸಾಲ ಕೇಳೂಕೆ ಬಂದ ಹಾಗೆ.’
ಹೇಳುತ್ತ ಹೇಳುತ್ತ ಬೆರಳಿಟ್ಟಳು,
ಬಂಗಡೆ ಸೀಳಿ ಸೀಳಿ ಉಗುರು ಸವೆದ ಬೆರಳು,
ಹಸಿ ಬಣ್ಣದ ಮೇಲೆ
ಒಂದೇ ಎಳೆತ.

‘ಅಯ್ಯೋ, ಹಾಳಾಯ್ತಾ?’

ನಾನು ಹಿಂದೆ ಸರಿದೆ. ಸ್ಟೂಲು ಕಾಲಿಗೆ ತಾಗಿತು.
ಇಬ್ಬರೂ ಮಾತಾಡಲಿಲ್ಲ.
ಹೊರಗೆ ಬಸ್ಸಿನವನು ಸದಾಶಿವಗಡ, ಮಾಜಾಳಿ ಎಂದು ಕೂಗುತ್ತಿದ್ದ.

ದುಡ್ಡು ಎಷ್ಟು ಎಂದು ಎರಡು ಸಲ ಕೇಳಿ,
ಬೆರಳನ್ನು ಬಾಗಿಲ ಚೌಕಟ್ಟಿಗೆ ಒರೆಸಿ ಹೋದಳು.
ಅದಿನ್ನೂ ಅಲ್ಲೇ ಇದೆ, ಸಿಗಡಿ ಬಣ್ಣದ ಗೀರು.

ನಾಳೆ ಮಾಜಾಳಿಯಿಂದ ಹನ್ನೊಂದು ಜನ, ಕಾರ್ಡಿಗೆ.
ಹೊಸ ಮೆಮರಿ ಕಾರ್ಡೊಂದು ಕೊಳ್ಳಬೇಕು.
ದೊಡ್ಡದು.